ನಿಲುಗಡೆಯಿಲ್ಲದ ಲಯ

ವಾಷಿಂಗ್ಟನ್ ಎಂದೊಡನೆ ಶ್ವೇತಭವನವೂ ಶಾಸನಸಭೆಯ ಶುಭ್ರ ಗುಮ್ಮಟವೂ ಕಣ್ಣಮುಂದೆ ನಿಲ್ಲುವುದು ಸಹಜವೇ. ಆದರೆ ಅದೇ ರಾಜಧಾನಿಯ ಕರಿಯರ ಬಡಾವಣೆಗಳಲ್ಲಿ, ರಾಜಕಾರಣದ ಗೊಡವೆಗೇ ಹೋಗದೆ, ಕಾಂಗಾ, ಟಿಂಬಾಲೆ, ಕೌಬೆಲ್ಲುಗಳ ನಾದವನ್ನೇ ನೆಮ್ಮಿ ಬೆಳೆದ ‘ಗೋ-ಗೋ’ ಎಂಬ ನರ್ತನಸಂಗೀತವೊಂದುಂಟು. ಅದರ ಪಿತಾಮಹನೆನಿಸಿದ ಚಕ್ ಬ್ರೌನ್ ತನ್ನ ‘ಸೋಲ್ ಸರ್ಚರ್ಸ್’ ಮೇಳದೊಡನೆ 1979ರಲ್ಲಿ ಹೊರತಂದ ‘ಬಸ್ಟಿನ್ ಲೂಸ್’ ಧ್ವನಿಮುದ್ರಿಕೆಯನ್ನು ಈ ವಾರ ಮತ್ತೆ ಕೇಳಿದೆನು.

ಬ್ರೌನ್ 1936ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದವನು. ಯೌವನದಲ್ಲಿ ಲಾರ್ಟನ್ ಸೆರೆಮನೆಯನ್ನು ಕಂಡವನು. ಸಿಗರೇಟುಗಳನ್ನು ಕೊಟ್ಟು ಗಿಟಾರನ್ನು ಪಡೆದದ್ದೂ ಅಲ್ಲಿಯೇ. ಎಪ್ಪತ್ತರ ದಶಕದ ನಡುವಿನಲ್ಲಿ, ಒಂದು ಹಾಡನ್ನು ಇನ್ನೊಂದಕ್ಕೆ ಹೊಸೆದು ಬಿಡುವಿಲ್ಲದೆ ನುಡಿಸುವ ಡಿಸ್ಕೊ ತಟ್ಟೆಗಳು ಬಂದು, ವಾದ್ಯಮೇಳಗಳ ಅನ್ನಕ್ಕೇ ಸಂಚಕಾರವಾದಾಗ, ಹಾಡು ಮುಗಿದೊಡನೆ ಜನ ಕುಣಿತ ಬಿಟ್ಟು ಕುರ್ಚಿಗೆ ಮರಳುವುದನ್ನು ಗಮನಿಸಿದ ಈತನು, ಗಾಯನ ನಿಂತರೂ ತಾಳವಾದ್ಯ ನಿಲ್ಲಕೂಡದೆಂದು ವಿಧಿಸಿ, ಆ ತೆರವಿನಲ್ಲಿ ಸಭಿಕರನ್ನು ಕೂಗಿ ಮಾತನಾಡಿಸುತ್ತ, ಅವರ ಮರುದನಿಯನ್ನೇ ಸಂಗೀತದ ಅಂಗವಾಗಿಸಿಕೊಂಡನು. ಕಲೆಯ ಹೊಸ ಹಾದಿಗಳೆಲ್ಲ ದಿವ್ಯಸ್ಫೂರ್ತಿಯಿಂದಲೇ ತೆರೆಯುತ್ತವೆಂದು ನಂಬಿದವರಿಗೆ ಈ ಹೊಟ್ಟೆಪಾಡಿನ ಯುಕ್ತಿ ತುಸು ಕಸಿವಿಸಿಯುಂಟುಮಾಡೀತು. ನನಗಂತೂ ಇದರಿಂದ ಆತನ ಮೇಲಣ ಗೌರವ ಹೆಚ್ಚಿತು.

ಆದರೆ ಧ್ವನಿಮುದ್ರಿಕೆಯ ಪೇಚು ಇರುವುದೂ ಇಲ್ಲಿಯೇ. ಮೌನವನ್ನು ಹೊಡೆದೋಡಿಸಲೆಂದೇ ಹುಟ್ಟಿದ ಸಂಗೀತವನ್ನು ಸ್ಟುಡಿಯೊದಲ್ಲಿ ತುಂಡುತುಂಡಾಗಿ ಕತ್ತರಿಸಿ, ತುಂಡುಗಳ ನಡುವೆ ಅದೇ ಮೌನವನ್ನು ಮರಳಿ ತಂದಿರಿಸಿದ್ದಾರೆ. ಕೂಗಿಗೆ ಓಗೊಡಬೇಕಾದ ಜನಸಂದಣಿಯಂತೂ ಇಲ್ಲವೇ ಇಲ್ಲ. ವಿಳಂಬಗತಿಯ ಪ್ರೇಮಗೀತೆಗಳು ಆ ಕಾಲದ ಯಾವ ಮೇಳ ಹಾಡಿದ್ದರೂ ಹೀಗೆಯೇ ಇರುತ್ತಿದ್ದವು. ಶೀರ್ಷಿಕೆಯ ಹಾಡು ಮಾತ್ರ ಬೇರೆಯದೇ ಜಾತಿಯದು: ಏಳು ನಿಮಿಷಗಳನ್ನು ಮೀರಿ ಹರಿಯುವ ಅದರಲ್ಲಿ ರಿಕಿ ವೆಲ್ಮನ್ನನ ಡ್ರಮ್ಮು ಓಡುವುದಿಲ್ಲ, ತೂಗುತ್ತ ನಡೆಯುತ್ತದೆ, 1987ರಲ್ಲಿ ಮೈಲ್ಸ್ ಡೇವಿಸನಂಥ ಜಾಸ್ ಮಹಾಶಯನು ಈ ವಾದಕನನ್ನು ತನ್ನ ಮೇಳಕ್ಕೆ ಕರೆಸಿಕೊಂಡದ್ದೇಕೆಂಬುದು ಇಲ್ಲಿಯೇ ಹೊಳೆಯುತ್ತದೆ. ಹಾಡು ಅಮೆರಿಕೆಯ ಆರ್ ಅಂಡ್ ಬಿ ಪಟ್ಟಿಯಲ್ಲಿ 4 ವಾರ ಅಗ್ರಸ್ಥಾನದಲ್ಲಿತ್ತು. ಆದರೂ ಗೋ-ಗೋ ಬಹುಮಟ್ಟಿಗೆ ತವರೂರಿನ ಸೊತ್ತಾಗಿಯೇ ಉಳಿಯಿತು.

ಬ್ರೌನ್ 2012ರಲ್ಲಿ ತೀರಿಕೊಂಡನು. 2020ರಲ್ಲಿ ನಗರವು ಗೋ-ಗೋವನ್ನು ತನ್ನ ಅಧಿಕೃತ ಸಂಗೀತವೆಂದು ಸಾರಿತು. ಅಲ್ಲಿನ ಬೇಸ್‌ಬಾಲ್ ಮೈದಾನದಲ್ಲಿ ಊರಿನ ತಂಡದವನು ಹೋಮ್ ರನ್ ಹೊಡೆದಾಗ ‘ಬಸ್ಟಿನ್ ಲೂಸ್’ ಮೊಳಗಿಸುವ ರೂಢಿಯೂ ಬಂದಿತು. ಮುಂದಿನ ದಾಂಡಿಗ ಬಂದು ನಿಲ್ಲುವಷ್ಟರಲ್ಲಿ ಅಲ್ಲಿಯೂ ಅದನ್ನು ನಿಲ್ಲಿಸಿಬಿಡುತ್ತಾರೆ.