ತಲಾಖ್‌ನ ಬಾಗಿಲೊಂದೇ ಏಕೆ?

ಕಥೆ, ಕಾದಂಬರಿಗಳು ಸಿನೆಮಾ ಆದಾಗಲೆಲ್ಲ ನಮ್ಮಲ್ಲಿ ಒಂದೇ ಪಂಚಾಯಿತಿ. ಮೂಲದಲ್ಲಿ ಹೀಗಿರಲಿಲ್ಲ, ನಿರ್ದೇಶಕ ಹಾಳುಮಾಡಿದ ಎಂದು ಓದುಗರ ದೂರು. ಸಿನೆಮಾದ ಭಾಷೆಯೇ ಬೇರೆ ಎಂದು ಸಿನೆಮಾದವರ ಸಮಜಾಯಿಷಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಲೇಖಕರು ಮುನಿಸಿಕೊಂಡ ಕಥೆ ಇಂದಿಗೂ ಜನರ ಬಾಯಲ್ಲಿದೆ. ಅದೇ ಜನ ಆ ಚಿತ್ರವನ್ನು ಇಂದಿಗೂ ನೋಡುತ್ತಿದ್ದಾರೆ.

ಮೂಲನಿಷ್ಠೆಯ ಈ ಜಗಳ ಸಾಕು. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಂದು ಸಮುದಾಯದ ಸಾಹಿತ್ಯದಿಂದ ಸಿನೆಮಾ ಯಾವುದನ್ನು ಎತ್ತಿಕೊಳ್ಳುತ್ತದೆ, ಯಾವುದನ್ನು ಕಪಾಟಿನಲ್ಲೇ ಬಿಡುತ್ತದೆ?

ಮುಸ್ಲಿಮ್ ಬದುಕನ್ನು ತೋರಿಸಿ ಹೆಸರು ಮಾಡಿದ, ನಮ್ಮ ನಾಡಿಗೆ ಸೇರಿದ ನಾಲ್ಕು ಚಿತ್ರಗಳನ್ನು ನೆನಪಿಸಿಕೊಳ್ಳಿ. ಬೊಳುವಾರು ಮಹಮದ್ ಕುಂಞಿ ಅವರ ಕಥೆಯನ್ನು ಆಧರಿಸಿ ಪಿ. ಶೇಷಾದ್ರಿ ತೆಗೆದ ‘ಮುನ್ನುಡಿ’ (2000). ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಗಿರೀಶ್ ಕಾಸರವಳ್ಳಿ ರೂಪಿಸಿದ ‘ಹಸೀನಾ’ (2004). ವೈದೇಹಿಯವರ ಕಥೆಯಿಂದ ಅವರೇ ಮಾಡಿದ ‘ಗುಲಾಬಿ ಟಾಕೀಸು’ (2008). ಬ್ಯಾರಿ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ (2011). ನಾಲ್ಕಕ್ಕೂ ರಾಷ್ಟ್ರಪ್ರಶಸ್ತಿಯ ಗೌರವ ಬಂತು. ‘ಹಸೀನಾ’ಕ್ಕಾಗಿ ತಾರಾ, ‘ಗುಲಾಬಿ ಟಾಕೀಸು’ಗಾಗಿ ಉಮಾಶ್ರೀ ಶ್ರೇಷ್ಠ ನಟಿಯರೆನಿಸಿದರು. ‘ಬ್ಯಾರಿ’ ಶ್ರೇಷ್ಠ ಚಿತ್ರದ ಪ್ರಶಸ್ತಿಯನ್ನು ಹಂಚಿಕೊಂಡಿತು. ಆದರೆ ಈ ನಾಲ್ಕೂ ಚಿತ್ರಗಳಲ್ಲಿ ಇರುವವಳು ಒಬ್ಬಳೇ ಹೆಂಗಸು, ಗಂಡ ಬಿಟ್ಟುಹೋದ ಅಥವಾ ತಲಾಖ್‌ಗೆ ಸಿಕ್ಕಿದ ಹೆಂಗಸು.

ಇದನ್ನು ಹೇಳಿದ ಕೂಡಲೇ ನಮ್ಮಲ್ಲೇ ಕೆಲವರು ‘ನೋಡಿ, ನಮ್ಮ ಮರ್ಯಾದೆ ತೆಗೆಯಲೆಂದೇ ಇವೆಲ್ಲ’ ಎಂದು ಎದ್ದು ನಿಲ್ಲುತ್ತಾರೆ. ಅವರ ಜೊತೆ ನಾನಿಲ್ಲ. ಆ ಹೆಂಗಸಿನ ಕಣ್ಣೀರು ಸುಳ್ಳಲ್ಲ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದದ್ದು 1980ರ ದಶಕದಲ್ಲಿ. ಒಂದೇ ಉಸಿರಿನ ಮೂರು ತಲಾಖ್ ಸಲ್ಲದು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2017ರಲ್ಲಿ. ಮೂರು ದಶಕ ಮೊದಲೇ ಒಬ್ಬ ಮುಸ್ಲಿಮ್ ಹೆಣ್ಣುಮಗಳು ಕನ್ನಡದಲ್ಲಿ ಕೂಗಿ ಹೇಳಿದ್ದನ್ನು ನಮ್ಮ ಜಮಾಅತುಗಳು ಕೇಳಿಸಿಕೊಂಡಿದ್ದರೆ, ಹೊರಗಿನವರು ಬಂದು ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. ಮನೆಯ ಕಸವನ್ನು ಗುಡಿಸದೆ, ಕಸ ತೋರಿಸಿದವರ ಮೇಲೆ ಸಿಟ್ಟಾಗುವುದು ಯಾವ ನ್ಯಾಯ?

ನನ್ನ ತಕರಾರು ಸಿನೆಮಾ ಆ ಕಣ್ಣೀರನ್ನು ತೋರಿಸಿತೆಂದಲ್ಲ, ಅದೊಂದನ್ನೇ ಮತ್ತೆ ಮತ್ತೆ ತೋರಿಸಿತೆಂದು. ‘ಸಂಸ್ಕಾರ’ ಚಿತ್ರಕ್ಕೆ ಮೊದಲು ಸೆನ್ಸಾರಿನವರು ಅಡ್ಡ ನಿಂತರು. ಆಮೇಲೆ ಅದೇ 1970ರ ಶ್ರೇಷ್ಠ ಚಿತ್ರವಾಯಿತು. ಅದು ಅಗ್ರಹಾರದ ಕೊಳಕನ್ನು ತೆರೆದಿಟ್ಟಿತು. ಆದರೆ ಬ್ರಾಹ್ಮಣರೆಂದರೆ ಇಷ್ಟೇ ಎಂದು ಯಾರೂ ತೀರ್ಮಾನಿಸಲಿಲ್ಲ. ಏಕೆಂದರೆ ಕನ್ನಡದ ತೆರೆಯ ಮೇಲೆ ಬ್ರಾಹ್ಮಣ ಮೇಷ್ಟ್ರಿದ್ದಾನೆ, ಗುಮಾಸ್ತನಿದ್ದಾನೆ, ಪ್ರೇಮಿಯಿದ್ದಾನೆ, ನಗಿಸುವ ಅಡುಗೆಭಟ್ಟನೂ ಇದ್ದಾನೆ. ಮುಸ್ಲಿಮನಿಗೆ ಇಷ್ಟು ವೇಷಗಳಿಲ್ಲ. ಆದ್ದರಿಂದ ಅವನ ಕುರಿತ ಒಂದು ಚಿತ್ರ ಒಂದು ಮನೆಯ ಕಥೆಯಾಗಿ ಉಳಿಯದೆ ಇಡೀ ಮೊಹಲ್ಲಾದ ಜಾತಕವಾಗುತ್ತದೆ.

ಸಾಹಿತ್ಯದಲ್ಲಿ ಈ ಬಡತನವಿಲ್ಲ. ಬೊಳುವಾರರ ಮುತ್ತುಪ್ಪಾಡಿಯಲ್ಲಿ ಚಹಾದಂಗಡಿಯ ಹರಟೆಯಿದೆ, ನೆರೆಹೊರೆಯ ಮುನಿಸಿದೆ, ನಗೆಯಿದೆ. 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಸ್ವಾತಂತ್ರ್ಯದ ಓಟ’ ದೇಶವಿಭಜನೆಯಷ್ಟು ದೊಡ್ಡ ಸಂಗತಿಯನ್ನು ಎತ್ತಿಕೊಂಡಿದೆ. ಬಾನು ಅವರ ‘ಬೆಂಕಿ ಮಳೆ’ಯಲ್ಲಿ ತಂಗಿ ಆಸ್ತಿಯಲ್ಲಿ ಪಾಲು ಕೇಳಿದರೆ, ಮುತವಲ್ಲಿ ಅಣ್ಣ ಹೆಣವೊಂದರ ದಫನಿನ ರಾಜಕೀಯಕ್ಕೆ ಇಳಿಯುತ್ತಾನೆ. ನಗು ಬರಿಸುವ, ನಗುತ್ತಲೇ ಚುಚ್ಚುವ ಕಥೆ ಅದು. ಈ ಕಪಾಟಿನ ಮುಂದೆ ನಿಂತ ಸಿನೆಮಾ ಮತ್ತೆ ಮತ್ತೆ ಒಂದೇ ಪುಸ್ತಕಕ್ಕೆ ಕೈ ಹಾಕುವುದೇಕೆ?

ಹೆಸರಿನಲ್ಲೇ ನೋಡಿ. ‘ಕರಿ ನಾಗರಗಳು’ ಎಂಬ ಹೆಸರಿನಲ್ಲಿ ಹೆಡೆಯಿದೆ, ವಿಷವಿದೆ, ಬುಸುಗುಡುವ ಸಿಟ್ಟಿದೆ. ‘ಹಸೀನಾ’ ಎಂದಾಗ ಉಳಿಯುವುದು ಮಸೀದಿಯ ಮುಂದೆ ನ್ಯಾಯ ಕೇಳುತ್ತ ಕುಳಿತ ಒಬ್ಬ ಹೆಂಗಸು. ತಾರಾ ಅವರ ಅಭಿನಯ ಚೆನ್ನಾಗಿದೆ, ಚಿತ್ರವೂ ಪ್ರಾಮಾಣಿಕವಾಗಿದೆ. ಆದರೂ ಸಿಟ್ಟಿನ ಜಾಗದಲ್ಲಿ ಕನಿಕರ ಬಂದು ಕೂತಿದೆ. ಕಥೆ ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ, ಸಿನೆಮಾ ನಮ್ಮ ಕೈಗೆ ಕರವಸ್ತ್ರ ಕೊಡುತ್ತದೆ. ಕಥೆಗೆ ನಿಷ್ಠವಾಗಿದ್ದೂ ಕಥೆಯ ಕಾವನ್ನು ಕಳೆದುಕೊಳ್ಳಬಹುದು ಎಂಬುದಕ್ಕೆ ಇದೇ ನಿದರ್ಶನ.

ಇನ್ನು ‘ಗುಲಾಬಿ ಟಾಕೀಸು’. ಮೂಲನಿಷ್ಠೆಯ ತಕ್ಕಡಿಯಲ್ಲಿಟ್ಟರೆ ನಾಲ್ಕರಲ್ಲಿ ದೊಡ್ಡ ಅಪರಾಧಿ ಇದೇ. ವೈದೇಹಿಯವರ ಕಥೆಯಲ್ಲಿರುವುದು ಸಣ್ಣ ಊರಿಗೆ ಬಂದ ಟಾಕೀಸು, ಅದು ಹೆಂಗಸರಿಗೆ ತೆರೆದ ಹೊಸ ಲೋಕ. ಕಾಸರವಳ್ಳಿ ನಾಯಕಿಯನ್ನು ಮುಸ್ಲಿಮ್ ಸೂಲಗಿತ್ತಿಯಾಗಿಸಿದರು, ಟಾಕೀಸಿನ ಜಾಗದಲ್ಲಿ ಟಿವಿ ತಂದಿಟ್ಟರು, ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿಸಿದರು. ಗುಲಾಬಿಯ ಗಂಡನೂ ಅವಳನ್ನು ಬಿಟ್ಟಿದ್ದಾನೆ. ಆದರೆ ಚಿತ್ರ ಅಲ್ಲಿಗೇ ನಿಲ್ಲುವುದಿಲ್ಲ. ಅವಳು ಹೆರಿಗೆ ಮಾಡಿಸಿದ ಕೇರಿಯ ಹೆಂಗಸರೇ ಅವಳ ಮನೆಯಲ್ಲಿ ಕೂತು ಟಿವಿ ನೋಡುತ್ತಾರೆ. ಮೀನುಗಾರಿಕೆಯ ಲಾಭನಷ್ಟದ ಜಗಳ ಹಿಂದೂ-ಮುಸ್ಲಿಮ್ ಜಗಳದ ಬಣ್ಣ ಪಡೆಯುತ್ತದೆ. ಕೊನೆಗೆ ಗುಲಾಬಿಗೆ ಊರೇ ಇಲ್ಲವಾಗುತ್ತದೆ. ಇಲ್ಲಿ ಅವಳನ್ನು ಬಿಟ್ಟವನು ಗಂಡನೊಬ್ಬನೇ ಅಲ್ಲ, ನೆರೆಹೊರೆಯೂ ಬಿಟ್ಟಿತು. ಕರಾವಳಿಯ ಈ ಸತ್ಯ ಹೇಳಲು ನಿರ್ದೇಶಕ ಮೂಲವನ್ನು ಮುರಿಯಬೇಕಾಯಿತು. ಮುರಿದದ್ದೇ ಸರಿ.

ಹಾಗೆಂದು ಲೇಖಕರ ಅಂಗಳಕ್ಕೆ ಕೇಳದೆ ನುಗ್ಗುವ ಪರವಾನಗಿ ಯಾರಿಗೂ ಇಲ್ಲ. ‘ಬ್ಯಾರಿ’ ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂದು ಸಾರಾ ಕೋರ್ಟಿನ ಮೆಟ್ಟಿಲು ಹತ್ತಿದರು. ಸಮುದಾಯದ ಬೈಗುಳ ತಿಂದು ಬರೆದ ಲೇಖಕಿ, ಇಳಿವಯಸ್ಸಿನಲ್ಲಿ ‘ಇದು ನನ್ನ ಕಥೆ’ ಎನ್ನಲು ವಕೀಲರನ್ನು ಹಿಡಿಯಬೇಕಾಯಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಕಥೆಯನ್ನು ಬದಲಿಸುವ ಸ್ವಾತಂತ್ರ್ಯ ನಿರ್ದೇಶಕನಿಗಿರಲಿ. ಕಥೆ ಯಾರದೆಂದು ಒಪ್ಪಿಕೊಳ್ಳುವ ಹೊಣೆಯೂ ಇರಲಿ.

ಬೇರೆ ದಾರಿ ಇಲ್ಲವೆನ್ನುವವರಿಗೆ 2023ರಲ್ಲೇ ಉತ್ತರ ಸಿಕ್ಕಿದೆ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣ ಕಥೆಯೊಂದು ಹಿಗ್ಗಿ ‘ಡೇರ್‌ಡೆವಿಲ್ ಮುಸ್ತಾಫಾ’ ಆಯಿತು. ಹಣ ಹಾಕಿದವರಲ್ಲಿ ತೇಜಸ್ವಿಯವರ ಓದುಗರೇ ಇದ್ದರು. ಅಲ್ಲಿಯ ಮುಸ್ತಾಫಾ ಅಳುವುದಕ್ಕೆ ಬಂದವನಲ್ಲ. ಕಾಲೇಜಿಗೆ ಬರುತ್ತಾನೆ, ಎಲ್ಲರ ಅನುಮಾನಕ್ಕೆ ಗುರಿಯಾಗುತ್ತಾನೆ, ಕ್ರಿಕೆಟ್ ಆಡುತ್ತಾನೆ, ಗೆಳೆಯನಾಗುತ್ತಾನೆ. ಜನ ಥಿಯೇಟರಿಗೆ ಹೋಗಿ ನಕ್ಕು ಬಂದರು. ಆ ನಗು ನೂರು ಸೌಹಾರ್ದ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತೆಂದು ನಾನು ನಂಬುತ್ತೇನೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಿದೆ. ಇನ್ನು ಕ್ಯಾಮರಾ ಹಿಡಿದವರು ಆ ಮನೆಗಳತ್ತ ಬಂದಾರು. ಬರಲಿ, ಸ್ವಾಗತ. ಆದರೆ ದಯವಿಟ್ಟು ತಲಾಖ್‌ನ ಬಾಗಿಲಲ್ಲೇ ನಿಂತುಬಿಡಬೇಡಿ. ಒಳಗೆ ಅಡುಗೆಮನೆಯಿದೆ, ಆಸ್ತಿಯ ಜಗಳವಿದೆ, ಓದುವ ಹುಡುಗಿಯಿದ್ದಾಳೆ, ತಮಾಷೆಯ ಮುದುಕಿಯಿದ್ದಾಳೆ. ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು: ಕ್ಯಾಮರಾ ಈಗ ನಿಮ್ಮ ಜೇಬಿನಲ್ಲೇ ಇದೆ, ಕಥೆಗಳು ಲೈಬ್ರರಿಯಲ್ಲಿವೆ. ನಮ್ಮನ್ನು ಸರಿಯಾಗಿ ತೋರಿಸಲಿಲ್ಲವೆಂದು ಇನ್ನೆಷ್ಟು ದಿನ ದೂರುತ್ತ ಕೂರೋಣ?