ಕೋಟು ತೊಟ್ಟವರ ಪಂಕ್ತಿ

ಸಮುದ್ರದ ಮೇಲೂ ಪಂಕ್ತಿಭೇದವಿದೆ. ಮಠದ ಊಟದ ಮನೆಯಲ್ಲಿ ಎಲೆ ಹಾಕುವ ಮುಂಚೆ ಜಾತಿ ನೋಡುವುದನ್ನು ನಾವು ಬಲ್ಲೆವು. ನೆಲ ಕಾಣದಷ್ಟು ದೂರ ನೀರಿನ ಮೇಲೆ ಹೋದರೂ ಊಟಕ್ಕೆ ಕೂರಿಸುವ ಮುಂಚೆ ಮೈಮೇಲಿನ ಬಟ್ಟೆ ನೋಡುವವರಿದ್ದಾರೆ. ಅದಕ್ಕೆ ಅವರು ಇಟ್ಟಿರುವ ಹೆಸರು ಫಾರ್ಮಲ್ ನೈಟ್. ನಾವು ಅದನ್ನು ಕೋಟಿನ ರಾತ್ರಿ ಎಂದು ಕರೆಯೋಣ.

ಇವು ಜನರನ್ನು ಒಂದೂರಿಂದ ಇನ್ನೊಂದೂರಿಗೆ ಮುಟ್ಟಿಸುವ ಹಡಗುಗಳಲ್ಲ. ಕ್ರೂಸ್ ಹಡಗುಗಳು. ದುಡ್ಡಿದ್ದವರು ಹತ್ತುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ, ಈಜುಕೊಳದ ಪಕ್ಕ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಾರೆ, ಸುತ್ತಾಡಿಕೊಂಡು ಇಳಿಯುತ್ತಾರೆ. ಹಗಲೆಲ್ಲ ಚಡ್ಡಿಯಲ್ಲಿ ಓಡಾಡಿದವನು ಪ್ರಯಾಣದ ಒಂದೆರಡು ರಾತ್ರಿ ಮಾತ್ರ ಕಪ್ಪು ಕೋಟು ತೊಟ್ಟು, ಕತ್ತಿಗೆ ಟೈ ಬಿಗಿದುಕೊಂಡು ಊಟದ ಮನೆಗೆ ಬರಬೇಕು. ಹೆಂಗಸರು ಔತಣಕ್ಕೆ ತಕ್ಕ ಉಡುಪು ತೊಡಬೇಕು. 1840ರಿಂದ ಹಡಗು ಓಡಿಸುತ್ತಿರುವ ಇಂಗ್ಲೆಂಡಿನ ಕ್ಯುನಾರ್ಡ್ ಕಂಪನಿ ಗಾಲಾ ಈವ್ನಿಂಗ್ ಎಂಬ ಹೆಸರಿನಲ್ಲಿ ಇದನ್ನು ಇನ್ನೂ ಕಾಪಾಡಿಕೊಂಡು ಬಂದಿದೆ. ಒಲ್ಲೆ ಅನ್ನುವವರಿಗೆ ಅದೇ ಹಡಗಿನಲ್ಲಿ ಬೇರೆ ಕೆಲವು ಜಾಗ ಗೊತ್ತು ಮಾಡಿದ್ದಾರೆ. ಅನ್ನ ಇಲ್ಲ ಅನ್ನಲ್ಲ, ಆದ್ರೆ ಅತ್ಲಾಗೆ ಕೂತ್ಕೊಂಡು ಉಣ್ಣು. ಈ ಮಾತು ನಮ್ಮ ಕೇರಿಗೆ ಹೊಸದೇ?

ಟೈ ಇಲ್ಲದ ಶ್ರೀಮಂತನ ಮುಜುಗರವನ್ನು ನಮ್ಮಪ್ಪಂದಿರ ಅವಮಾನದ ಪಕ್ಕ ಇಟ್ಟು ತೂಗುವ ಹುಚ್ಚು ನಮಗಿಲ್ಲ. ಅವನು ತನ್ನ ಕೋಣೆಗೆ ಹೋಗಿ ಬಟ್ಟೆ ಬದಲಿಸಿ ಬರುತ್ತಾನೆ. ನಮ್ಮಪ್ಪಂದಿರು ಯಾವ ಕೋಣೆಗೆ ಹೋಗಿ ಹುಟ್ಟು ಬದಲಿಸಿ ಬರಬೇಕಿತ್ತು? ಆದರೂ ಈ ಹಡಗಿನ ಜಗಳದಲ್ಲಿ ನಾವು ಬಾಯಿ ಹಾಕುತ್ತೇವೆ. ಬಟ್ಟೆ ತೋರಿಸಿ ಮನುಷ್ಯರನ್ನು ಬೇರೆ ಮಾಡುವ ವಿದ್ಯೆಯ ಬುಡ ನಮಗೆ ಗೊತ್ತು.

ಏನು ಆ ಜಗಳ? ಒಂದು ಪಕ್ಷದವರು ಹೇಳುತ್ತಾರೆ: ಹಡಗಿನ ಘನತೆ ಹಾಳಾಗುತ್ತಿದೆ, ಟೀ ಶರ್ಟು ತೊಟ್ಟವನ ಪಕ್ಕ ಕೂತು ಉಣ್ಣಬೇಕಾಗಿದೆ, ಬಾಗಿಲಲ್ಲೇ ತಡೆಯಿರಿ. ಇನ್ನೊಂದು ಪಕ್ಷದವರು ಹೇಳುತ್ತಾರೆ: ದುಡ್ಡು ಕೊಟ್ಟಿದ್ದೇವೆ, ರಜಾಕ್ಕೆ ಬಂದಿದ್ದೇವೆ, ಚಡ್ಡಿಯಲ್ಲಿ ಬಂದರೆ ನಿಮಗೇನು ಕಷ್ಟ? ಮೊದಲನೆಯವರು ಸಂಸ್ಕೃತಿಯ ಹೆಸರು ಹೇಳುತ್ತಾರೆ. ಎರಡನೆಯವರು ಸ್ವಾತಂತ್ರ್ಯದ ಹೆಸರು ಹೇಳುತ್ತಾರೆ. ಇಬ್ಬರೂ ಕೂತಿದ್ದಾರೆ. ನಿಂತುಕೊಂಡು ಬಡಿಸುತ್ತಿರುವವನ ಮಾತು ಇಬ್ಬರ ಬಾಯಲ್ಲೂ ಇಲ್ಲ.

ಮೊದಲು ಸಂಸ್ಕೃತಿಯವರನ್ನು ಕೇಳೋಣ. ನೀವು ಇಷ್ಟು ಪವಿತ್ರವೆಂದು ಹೊತ್ತಿರುವ ಈ ಕಪ್ಪು ಕೋಟು ಹುಟ್ಟಿದ್ದು ಯಾವಾಗ? 19ನೇ ಶತಮಾನದ ಕೊನೆಯ ಭಾಗದಲ್ಲಿ ಬಾಲದ ಕೋಟು ತೊಟ್ಟು ಬೇಸತ್ತ ಇಂಗ್ಲೆಂಡಿನ ದೊಡ್ಡ ಮನೆಯವರು ಮನೆಯೊಳಗಿನ ಊಟಕ್ಕೆ ಸಡಿಲವಾಗಿರಲೆಂದು ಹೊಲಿಸಿಕೊಂಡ ಮೋಟು ಕೋಟು ಇದು. ಅಮೆರಿಕದಲ್ಲಿ ಇದಕ್ಕೆ ಟಕ್ಸಿಡೋ ಎಂಬ ಹೆಸರು ಬಂದದ್ದು ನ್ಯೂಯಾರ್ಕ್ ಬಳಿಯ ಟಕ್ಸಿಡೋ ಪಾರ್ಕ್ ಎಂಬ ಶ್ರೀಮಂತರ ಊರಿನಿಂದ. ಅಂದರೆ ನಿಮ್ಮಜ್ಜಂದಿರ ಕಾಲಕ್ಕೆ ಇದೇ ಸಡಿಲ ಬಟ್ಟೆ. ಶ್ರೀಮಂತ ತನ್ನ ಸುಖಕ್ಕೆ ಬಟ್ಟೆ ಸಡಿಲಿಸಿದ, ಅದೇ ಮುಂದೆ ಶಾಸ್ತ್ರವಾಯಿತು. ಇದರಲ್ಲಿ ಸಭ್ಯತೆ ಎಲ್ಲಿಂದ ಬಂತು? ಶಾಸ್ತ್ರ ಮಾಡುವ ಅಧಿಕಾರ ಯಾರ ಕೈಯಲ್ಲಿತ್ತೋ ಅವನ ಬಟ್ಟೆ ಸಭ್ಯವಾಯಿತು, ಅಷ್ಟೆ.

ಹೋಗಲಿ, ಆ ಕೋಟು ತೊಟ್ಟವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆಯೆ? ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಎಂಬ ಹಡಗು 2004ರಿಂದ ಓಡುತ್ತಿದೆ. 2,500ಕ್ಕಿಂತ ಹೆಚ್ಚು ಪ್ರಯಾಣಿಕರು ಹಿಡಿಯುವ ಹಡಗು. ಅದರಲ್ಲಿ ಬ್ರಿಟಾನಿಯಾ, ಬ್ರಿಟಾನಿಯಾ ಕ್ಲಬ್, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಎಂದು ಊಟದ ಮನೆಗಳು. ಯಾವ ದರದ ಕೋಣೆ ಹಿಡಿದಿದ್ದೀಯೋ ಆ ಊಟದ ಮನೆ ನಿನ್ನದು. ಕಡಿಮೆ ದರದವನು ಎಷ್ಟು ಒಳ್ಳೆ ಕೋಟು ತೊಟ್ಟು ಬಂದರೂ ಕ್ವೀನ್ಸ್ ಗ್ರಿಲ್ಲಿನಲ್ಲಿ ಅವನಿಗೆ ಮೇಜಿಲ್ಲ. ಎಣಿಸಿ ನೋಡಿ, ನಾಲ್ಕು. ಈ ನಾಲ್ಕರ ಲೆಕ್ಕ ಎಲ್ಲೋ ಕೇಳಿದ ಹಾಗಿದೆಯಲ್ಲವೆ?

ನಾಲ್ಕು ಎಂದ ಮೇಲೆ ಐದನೆಯದೂ ಇರಲೇಬೇಕು. ಇದೆ. ಅದು ಕೆಳಗಿದೆ. ಅಡುಗೆಯವರು, ಪಾತ್ರೆ ತೊಳೆಯುವವರು, ಹಾಸಿಗೆ ಬದಲಿಸುವವರು, ಕಕ್ಕಸು ತೊಳೆಯುವವರು, ಇಂಜಿನ್ನಿನ ಕಾವಿನಲ್ಲಿ ನಿಂತವರು. ಆ ಒಂದೇ ಹಡಗಿನಲ್ಲಿ ಇಂಥ 1,000ಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಇವರು ಓಡಾಡುವುದಕ್ಕೆ ಹಡಗಿನ ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಓಣಿ ಇರುತ್ತದೆ. ಬ್ರಿಟಿಷ್ ಹಡಗುಗಳವರು ಅದನ್ನು ಬರ್ಮಾ ರೋಡ್ ಅನ್ನುತ್ತಾರೆ, ಅಮೆರಿಕದ ಹಡಗುಗಳವರು ಐ-95 ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದರ ಹೆಸರು ಕೇರಿ. ಊರಿಗೆ ಬೇಕಾದ ಕೆಲಸವೆಲ್ಲ ಅಲ್ಲಿಂದ ಬರಬೇಕು, ಅಲ್ಲಿಯವರು ಮಾತ್ರ ಊರೊಳಗೆ ಕಾಣಿಸಬಾರದು.

ಈ ಐದನೆಯವರಲ್ಲಿ ನಮ್ಮವರೂ ಇದ್ದಾರೆ. ಫಿಲಿಪೀನ್ಸ್, ಇಂಡೋನೇಷ್ಯಾದವರ ಜೊತೆ ಗೋವಾದವರು, ಮಂಗಳೂರು ಉಡುಪಿ ಕಡೆಯ ಹುಡುಗರು ಈ ಹಡಗುಗಳನ್ನು ಹತ್ತುತ್ತಾರೆ. ಆರು, ಎಂಟು, ಒಂಬತ್ತು ತಿಂಗಳ ಕರಾರು. ಕೋಟಿನ ರಾತ್ರಿ ಇವರ ಮೈಮೇಲೂ ಕೋಟಿರುತ್ತದೆ, ಕತ್ತಿನಲ್ಲಿ ಟೈ ಇರುತ್ತದೆ. ದೂರದಿಂದ ನೋಡಿದರೆ ಬಡಿಸುವವನಿಗೂ ಉಣ್ಣುವವನಿಗೂ ಬಟ್ಟೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಗಾದರೆ ಇವನು ಕುರ್ಚಿ ಎಳೆದು ಕೂತುಬಿಡಲಿ ನೋಡೋಣ! ಆಗ ಗೊತ್ತಾಗುತ್ತದೆ ಈ ನಿಯಮ ಬಟ್ಟೆಯದಲ್ಲ ಅಂತ. ಒಬ್ಬನ ಕೋಟು ಅವನ ಮಾನ. ಇನ್ನೊಬ್ಬನ ಕೋಟು ಅವನ ಕೆಲಸದ ಗುರುತು. ಜೀತದಾಳಿಗೆ ಗೌಡ ಹಬ್ಬಕ್ಕೆ ಪಂಚೆ ಕೊಡಿಸಿದರೆ ಜೀತ ಹೋಯಿತೆ?

ಟೈ ಎಷ್ಟು ಬಿಗಿಯಿರಬೇಕು ಎಂದು ನಿಯಮ ಬರೆದವರು ದುಡಿಮೆಯ ವಿಷಯಕ್ಕೆ ಬಂದರೆ ಬಹಳ ಸಡಿಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದಲ್ಲಿ ಎರಡು ದಾರಿಯಿದೆ. ವಾರಕ್ಕೆ ದುಡಿಮೆ 72 ಗಂಟೆ ಮೀರಬಾರದು. ಇಲ್ಲವೇ, ವಿಶ್ರಾಂತಿ 77 ಗಂಟೆಗೆ ಕಡಿಮೆಯಾಗಬಾರದು. ಯಾವ ದಾರಿ ಎಂಬುದು ಹಡಗಿನ ಬಾವುಟದ ದೇಶಕ್ಕೆ ಬಿಟ್ಟದ್ದು. ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆಯಿರಿ, 91 ಉಳಿಯುತ್ತದೆ. ಇನ್ನು ಬಾವುಟದ ಮಾತು. ರಾಯಲ್ ಕೆರಿಬಿಯನ್ ಕಂಪನಿಯ ಕಚೇರಿ ಇರುವುದು ಮಯಾಮಿಯಲ್ಲಿ, ಕಂಪನಿ ನೋಂದಣಿಯಾಗಿರುವುದು ಲೈಬೀರಿಯಾದಲ್ಲಿ. ಬ್ರಿಟಿಷ್ ಸಂಪ್ರದಾಯದ ಹೆಸರಿನಲ್ಲಿ ಕೋಟು ಹಾಕಿಸುವ ಕ್ಯುನಾರ್ಡ್ ಹಡಗುಗಳೇ 2011ರಲ್ಲಿ ಸೌತಾಂಪ್ಟನ್ ನೋಂದಣಿ ಬಿಟ್ಟು ಬರ್ಮುಡಾಕ್ಕೆ ಹೋದವು. ಪ್ರಯಾಣಿಕ ಬಟ್ಟೆ ಬದಲಿಸಿದರೆ ಸಂಪ್ರದಾಯಕ್ಕೆ ಕುಂದು. ಹಡಗೇ ಬಾವುಟ ಬದಲಿಸಿದರೆ ಅದು ವ್ಯವಹಾರ.

ಇನ್ನು ಸ್ವಾತಂತ್ರ್ಯದವರ ಕಡೆ ತಿರುಗೋಣ. ಟೈ ತೆಗೆದುಬಿಟ್ಟರೆ ಸಮಾನತೆ ಬಂತು ಎನ್ನುತ್ತಾರೆ ಇವರು. ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಕಂಪನಿ 2000ದಲ್ಲಿ ಕಡ್ಡಾಯದ ಕೋಟಿನ ರಾತ್ರಿ ಬಿಟ್ಟು, ನಿಮಗೆ ತೋಚಿದ್ದು ತೊಡಿ, ತೋಚಿದಾಗ ಉಣ್ಣಿ ಎಂದು ಡಂಗುರ ಹೊಡೆಯಿತು. ಒಳ್ಳೇದೇ ಆಯ್ತು ಅನ್ನುವಷ್ಟರಲ್ಲಿ ಅದೇ ಕಂಪನಿಯ ಹಡಗುಗಳಲ್ಲಿ ಹೇವನ್ ಎಂಬ ಬೇರೆ ಮೊಹಲ್ಲಾ ಎದ್ದಿತು. ಹೆಚ್ಚು ದರದ ಕೋಣೆಯವರಿಗೆ ಬೇರೆ ಊಟದ ಮನೆ, ಬೇರೆ ಬಿಸಿಲು ಕಟ್ಟೆ. ಅವರ ಕಾರ್ಡು ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಟೈ ಹೋಯಿತು, ಗೋಡೆ ಬಂತು. ಮತ್ತೆ, ಆ ಹಡಗಿನಲ್ಲೂ ಬಡಿಸುವವನು ತನಗೆ ತೋಚಿದ್ದು ತೊಟ್ಟು ಬರಂಗಿಲ್ಲ.

ಬಟ್ಟೆ ಏನಾದರೇನು, ಮನಸ್ಸು ಮುಖ್ಯ ಅನ್ನುವ ಸಜ್ಜನರೂ ಇದ್ದಾರೆ. ಈ ಮಾತು ಬೀರು ತುಂಬ ಬಟ್ಟೆ ಇದ್ದವರ ಮಾತು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮಾಡಿ, ಇಂಟರ್‌ವ್ಯೂಗೆ ಹೋಗಲು ಗೆಳೆಯರ ಹತ್ತಿರ ಶರ್ಟು ಕೇಳಿದ ನಮಗೆ ಬಟ್ಟೆ ಏನು ಅಂತ ಗೊತ್ತು. ಚಂಡಾಲನ ಉಡುಪು ಹೆಣದ ಮೇಲಿನ ಬಟ್ಟೆಯಾಗಿರಬೇಕೆಂದು ಮನು ಬರೆದಿಟ್ಟ. ಇಂದೂರಿನ ಹಳ್ಳಿಗಳ ಬಲಾಯಿ ಜನರಿಗೆ ಮೇಲ್ಜಾತಿಯವರು ಜರಿ ಅಂಚಿನ ರುಮಾಲು ಸುತ್ತಬೇಡಿ, ಬಣ್ಣದ ಅಂಚಿನ ಧೋತರ ಉಡಬೇಡಿ, ಹೆಂಗಸರು ಬೆಳ್ಳಿ ಬಂಗಾರ ಹಾಕಬೇಡಿ ಎಂದು ಕಟ್ಟಳೆ ಹೊರಡಿಸಿದ್ದನ್ನು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಎತ್ತಿ ತೋರಿಸಿದರು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಲು ದಶಕಗಳ ಕಾಲ ಏಟು ತಿಂದು ಹೋರಾಡಿದರು. 1859ರಲ್ಲಿ ರಾಜ ಅಪ್ಪಣೆ ಕೊಟ್ಟ. ಹೇಗೆ ಕೊಟ್ಟ? ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಮುಚ್ಚಿಕೊಳ್ಳಬೇಡಿ!

ನೋಡಿ, ನಿನ್ನೆ ಒಳ್ಳೆ ಬಟ್ಟೆ ತೊಡಬೇಡ ಎಂದು ಹೊಡೆದರು. ಇವತ್ತು ಒಳ್ಳೆ ಬಟ್ಟೆ ತೊಡದೆ ಒಳಗೆ ಬರಬೇಡ ಎನ್ನುತ್ತಾರೆ. ನಿನ್ನೆಯದು ಪೂರಾ ನಿನ್ನೆಯದೂ ಅಲ್ಲ. 2023ರಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಲಿತ ಯುವಕ ಒಳ್ಳೆ ಬಟ್ಟೆ ತೊಟ್ಟು ಕಪ್ಪು ಕನ್ನಡಕ ಹಾಕಿದ್ದಕ್ಕೆ ಬಡಿದರೆಂದು ಪೊಲೀಸರಲ್ಲಿ ದೂರು ದಾಖಲಾಯಿತು. ಎರಡೂ ನಿಯಮ ಬಾಯಿಗೆ ಬೇರೆ ಬೇರೆ, ಹೊಟ್ಟೆಯೊಳಗೆ ಒಂದೇ: ನೀನು ಏನು ತೊಡಬೇಕು ಎಂಬುದನ್ನು ನಾವು ಹೇಳುತ್ತೇವೆ.

ಅದಕ್ಕೇ 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ನಮ್ಮ ಹೆಂಗಸರನ್ನು ಕೂರಿಸಿಕೊಂಡು ಸೀರೆಯ ಮಾತಾಡಿದರು. ಜಾತಿ ಗುರುತು ಹೇಳುವ ಹಾಗೆ ಮೊಣಕಾಲಿಗೆ ಎತ್ತಿ ಕಟ್ಟಬೇಡಿ, ಕಾಲು ಮುಚ್ಚುವಂತೆ ಉಡಿ ಎಂದರು. ತಾವು ಸೂಟು ತೊಟ್ಟರು. ಗಾಂಧಿ 1921ರಲ್ಲಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡು ಬಟ್ಟೆಗೆ ಇಳಿದಾಗ ಜಗತ್ತು ಕೈಮುಗಿಯಿತು. ಇದ್ದದ್ದನ್ನು ಬಿಟ್ಟವನಿಗೆ ಹೆಸರು ಬಂತು. ಅದೇ ತುಂಡು ಬಟ್ಟೆ ಬಿಟ್ಟರೆ ಬೇರೆ ಇಲ್ಲದ ನಮ್ಮಜ್ಜನಿಗೆ ಯಾರು ಕೈಮುಗಿದರು? ಹರಿದ ಜೀನ್ಸು ತೊಟ್ಟ ಸಾಹುಕಾರನ ಮಗ ಕ್ಯಾಶುವಲ್. ಹರಿದ ಪಂಚೆ ಉಟ್ಟ ನಮ್ಮಪ್ಪ ಗಲೀಜು. ಹಡಗಿನವರ ನಿಯಮದಲ್ಲಿ ಆಯಾ ದೇಶದ ಉಡುಪಿಗೂ ಅವಕಾಶವುಂಟಂತೆ. ಬಂದ್‌ಗಲಾ, ಶೇರ್ವಾನಿ ದೇಶದ ಉಡುಪು. ಗದ್ದೆಯ ಕೆಸರಿನಲ್ಲಿ ದೇಶಕ್ಕೆ ಅನ್ನ ಬೆಳೆದವನ ಲಂಗೋಟಿ ಯಾವ ದೇಶದ್ದು?

ಹಡಗಿನಿಂದ ಇಳಿದು ನಮ್ಮ ನೆಲಕ್ಕೆ ಬಂದರೂ ಬಾಗಿಲಲ್ಲಿ ಅದೇ ಕಣ್ಣು. 2014ರ ಜುಲೈನಲ್ಲಿ ಚೆನ್ನೈನ ಒಂದು ಕ್ಲಬ್ಬು ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಹೊರಗೆ ನಿಲ್ಲಿಸಿತು. ಮುಂದಿನ ತಿಂಗಳೇ ತಮಿಳುನಾಡಿನ ವಿಧಾನಸಭೆ ಅದರ ವಿರುದ್ಧ ಕಾನೂನು ಮಾಡಿತು. ಕಾನೂನು ಒಳ್ಳೆಯದೇ. ಆದರೆ ನ್ಯಾಯಮೂರ್ತಿ ಹೊರಗೆ ನಿಲ್ಲುವ ತನಕ ಅದು ಎಲ್ಲಿತ್ತು? 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಮೂಟೆ ಹೊತ್ತ ರೈತನೊಬ್ಬನನ್ನು ಬಟ್ಟೆ ನೋಡಿ ತಡೆದರು. ಅದೇ ವರ್ಷ ಜುಲೈನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತನನ್ನು ಪಂಚೆ ಉಟ್ಟಿದ್ದಕ್ಕೆ ಬೆಂಗಳೂರಿನ ಮಾಲ್ ಒಂದು ಬಾಗಿಲಲ್ಲೇ ನಿಲ್ಲಿಸಿತು. ಟಿಕೆಟು ಅವರ ಕೈಯಲ್ಲೇ ಇತ್ತು. ಗಲಾಟೆಯಾಯಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಮೆಟ್ರೋದವರು ಕಾವಲಿನ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು.

ಇಲ್ಲಿ ಸ್ವಲ್ಪ ನಿಲ್ಲಿ. ಬಾಗಿಲಲ್ಲಿ ತಡೆದವನು ಯಾರು? ಸಾಮಾನ್ಯವಾಗಿ ಅವನೂ ಹಳ್ಳಿ ಬಿಟ್ಟು ಬಂದ ರೈತನ ಮಗನೇ. ಕಂಪನಿ ಕೊಟ್ಟ ಯೂನಿಫಾರಂ ತೊಟ್ಟು, ತನ್ನಪ್ಪನಂಥವರನ್ನೇ ತಡೆಯಲು ಸಂಬಳ ಪಡೆಯುತ್ತಾನೆ. ಹಡಗಿನ ಊಟದ ಮನೆಯ ಬಾಗಿಲಲ್ಲಿ ನಿಂತವನ ಪಾಡೂ ಇದೇ. ನಮ್ಮ ಕೈಯಿಂದಲೇ ನಮ್ಮ ಕತ್ತು ಹಿಡಿಸುವುದು ಹಳೇ ವಿದ್ಯೆ. ಗಲಾಟೆಯಾದರೆ ಕೆಲಸ ಹೋಗುವುದು ಇವನದು. ನಿಯಮ ಬರೆದವನು ಮೇಲಿನ ಮಹಡಿಯಲ್ಲಿ ಕೂತೇ ಇರುತ್ತಾನೆ.

ನಮ್ಮ ಮಾತು ಇಷ್ಟು. ಜನರ ದುಡ್ಡು ತಗೊಂಡು ಬಾಗಿಲು ತೆರೆದವನು ಬಟ್ಟೆ ನೋಡಿ ಆ ಬಾಗಿಲು ಹಾಕುವಂತಿಲ್ಲ. ಅದು ಮಾಲ್ ಆಗಲಿ, ಕ್ಲಬ್ ಆಗಲಿ, ಹಡಗಾಗಲಿ. ಶಿಕ್ಷೆ ಕೊಡುವುದಾದರೆ ನಿಯಮ ಬರೆದವನಿಗೆ ಕೊಡಿ, ಬಾಗಿಲಲ್ಲಿ ನಿಂತವನ ಅನ್ನಕ್ಕೆ ಕೈ ಹಾಕಬೇಡಿ. ಮತ್ತೆ ನಮ್ಮ ಕೇರಿಯ ಹುಡುಗರಿಗೆ, ಹುಡುಗಿಯರಿಗೆ: ಸೂಟು ಬೇಕಾದರೆ ಸೂಟು ತೊಡಿ, ಕನ್ನಡಕ ಬೇಕಾದರೆ ಕನ್ನಡಕ ಹಾಕಿ. ಸರಳವಾಗಿರು ಎಂದು ನಮಗೆ ಉಪದೇಶ ಮಾಡುವವರ ಬೀರು ಒಂದ್ಸಲ ತೆಗೆಸಿ ನೋಡಿ.

ಹಡಗಿನ ಒಡೆಯರೇ, ನಿಮ್ಮ ಕೋಟಿನ ರಾತ್ರಿ ಇದ್ದರೆಷ್ಟು, ಹೋದರೆಷ್ಟು. ಮೊದಲು ಆ ಕೆಳಗಿನ ಓಣಿಯ ಬಾಗಿಲು ತೆಗೆಯಿರಿ. ಅಲ್ಲಿಂದ ಹತ್ತಿ ಬರುವವನಿಗೆ ನ್ಯಾಯವಾದ ಕೂಲಿ ಕೊಡಿ, ಕೂರಲು ಕುರ್ಚಿ ಕೊಡಿ. ಏನು ತೊಟ್ಟು ಬರಬೇಕು ಅನ್ನೋದನ್ನ ಅವನೇ ನೋಡ್ಕೊಳ್ತಾನೆ.