ಬಾವಿಕಟ್ಟೆಯ ಮಗು
ಬೈಬಲ್ಲಿನ ಗಾಳಿ ಸೋಕದೆಯೂ ಚೀನೀಯರು ಬರೀ ವಿವೇಕದ ಬಲದಿಂದ ನೀತಿವಂತರಾಗಿದ್ದಾರೆ, ಕನ್‌ಫ್ಯೂಷಿಯಸ್ಸನೇ ಸಾಕ್ಷಿ ಎಂದು 1721ರಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ದಾರ್ಶನಿಕ ಕ್ರಿಸ್ಟಿಯನ್ ವೋಲ್ಫ್ ಭಾಷಣ ಮಾಡಿದ. (ಚೀನಾ ಕಂಡವನಲ್ಲ, ಓದಿದ್ದು ಜೆಸ್ಯೂಟರ ಲ್ಯಾಟಿನ್ ಅನುವಾದ.) ಮಡಿವಂತ ಪಾದ್ರಿಗಳು ಕೆಂಡವಾದರು. 1723ರಲ್ಲಿ ಪ್ರಷ್ಯದ ದೊರೆ, 48 ಗಂಟೆಯೊಳಗೆ ರಾಜ್ಯ ಬಿಡು, ಇಲ್ಲವೇ ನೇಣು ಎಂದ. ವೋಲ್ಫ್‌ಗಿಂತ ಎರಡು ಸಾವಿರ ವರ್ಷ ಹಿಂದೆಯೇ ಕನ್‌ಫ್ಯೂಷಿಯಸ್ ಪರಂಪರೆಯ ಚೀನೀ ಚಿಂತಕ ಮೆನ್ಷಿಯಸ್ ಹೇಳಿದ್ದ: ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರ ಎದೆಯೂ ಧಸಕ್ಕೆನ್ನುತ್ತದೆ, ಹೆತ್ತವರ ಸ್ನೇಹಕ್ಕಲ್ಲ, ಊರವರ ಶಹಬ್ಬಾಸ್‌ಗಲ್ಲ. ವಲಸಿಗರ ಹೊಣೆ ಹಂಚಿಕೊಳ್ಳುವ ಮಾತಾಡುವ ಇಂದಿನ ಐರೋಪ್ಯ ಒಗ್ಗಟ್ಟಿನ ಕರಾರುಪತ್ರಗಳಲ್ಲಿ ನನಗೆ ಕಾಣದ್ದು ಈ ಧಸಕ್ಕೇ. 2018ರಲ್ಲಿ ಸಮುದ್ರದಿಂದ ಜನರನ್ನು ರಕ್ಷಿಸುವ ಅಕ್ವೇರಿಯಸ್ ಹಡಗಿನಲ್ಲಿದ್ದ 600ಕ್ಕೂ ಹೆಚ್ಚು ವಲಸಿಗರನ್ನು ಇಟಲಿ, ಮಾಲ್ಟಾ ಎರಡೂ ಇಳಿಸಿಕೊಳ್ಳಲಿಲ್ಲ. ಕೊನೆಗೆ ದಡ ಕೊಟ್ಟದ್ದು ಸ್ಪೇನಿನ ವೆಲೆನ್ಸಿಯಾ.